ಸಹಾಯ ಬೇಕು: ಸುಟ್ಟಗಾಯ ಮಾಗಿ ಮನೆಗೆ ಬಂದವರ ಜೊತೆ ಕೂರಲು

ವಾರಕ್ಕೊಂದು ಗಂಟೆ ಕೊಡಬಲ್ಲವರು ಬೇಕು. ಚಾಮರಾಜಪೇಟೆ, ಕಲಾಸಿಪಾಳ್ಯ ಕಡೆಯವರಾದರೆ ಅನುಕೂಲ.

ಡಿಸ್ಚಾರ್ಜ್ ಆದಮೇಲೇ ನಿಜವಾದ ಕಷ್ಟ. ಸುಟ್ಟ ಕಲೆ ಉಬ್ಬದಂತೆ ಹಾಕುವ ಬಿಗಿ ಉಡುಪನ್ನು ದಿನಕ್ಕೆ ಸುಮಾರು 23 ಗಂಟೆ, ತಿಂಗಳುಗಟ್ಟಲೆ ತೊಡಬೇಕು. ಸೆಕೆ, ತುರಿಕೆ ತಾಳದೆ ಬಿಚ್ಚಿಡುತ್ತಾರೆ. ತುರಿಕೆಯಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮನಸ್ಸು ಕುಗ್ಗುತ್ತದೆ, ಆಮೇಲೆ ವ್ಯಾಯಾಮವೂ ನಿಂತು ಕೀಲು ಬಿಗಿಯುತ್ತದೆ. ಹಾಗಾಗಿ ಮೊದಲು ನಿದ್ದೆಯ ಬಗ್ಗೆ ಕೇಳಿ. ‘ಹೇಗಾಯ್ತು?’ ಅಂತ ಕೇಳಲೇಬೇಡಿ.

ಹೊರಗೆ ಕರೆದೊಯ್ಯುವುದು ನಿಧಾನವಾಗಿರಲಿ: ಮೊದಲು ಬೀದಿ ಕೊನೆಯ ಅಂಗಡಿ, ಕೆಲವು ವಾರ ಬಿಟ್ಟು ಬಿಎಂಟಿಸಿ ಬಸ್ಸು. ದಿಟ್ಟಿಸುವವರಿಗೆ ಹೇಳಲು ಒಂದು ಸಾಲು ಅಭ್ಯಾಸ ಮಾಡಿಸಿ: ‘ಬೆಂಕಿ ತಗುಲಿತ್ತು, ಈಗ ಪರವಾಗಿಲ್ಲ.’

ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಬರುವವರು ನಿಮ್ಮ ಏರಿಯಾ, ಬಿಡುವಿನ ದಿನ ಕೆಳಗೆ ಬರೆಯಿರಿ.