ಎಂಜಿನ್ ಒಂದೇ, ಬ್ಯಾಡ್ಜ್ ಬೇರೆ: ರೀಮ್ಯಾಪ್ ಮಾಡಿಸಿದವರು ಸ್ವಲ್ಪ ಹೇಳಿ

ಪ್ರಶ್ನೆ:
ನನ್ನದು ಸುಜುಕಿ ಸ್ವಿಫ್ಟ್ ಡೀಸೆಲ್, 75 ಪಿಎಸ್ (ಅಶ್ವಶಕ್ತಿಯ ಅಳತೆ). ಒಳಗಿರುವುದು ಫಿಯಟ್‌ನ 1.3 ಮಲ್ಟಿಜೆಟ್ ಅಂತ ಗೊತ್ತು. ಇದೇ 1248 ಸಿಸಿ ಎಂಜಿನ್ ಬೇರೆ ಕಾರುಗಳಲ್ಲಿ 90 ಪಿಎಸ್ ಕೊಡುತ್ತದೆ. ಅಂದರೆ ನನ್ನ ಕಾರಿನಲ್ಲೂ 15 ಪಿಎಸ್ ಸುಮ್ನೆ ಮಲಗಿದೆ ಅಂತ ತಾನೇ? ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸಿದರೆ, ಅಂದರೆ ರೀಮ್ಯಾಪ್ ಮಾಡಿಸಿದರೆ ಸಾಕಾ? ಮಾಡಿಸಿದವರು ಅನುಭವ ಹೇಳಿ.

ಉತ್ತರ 1:
ಇದೇ ಲೆಕ್ಕ ಹಾಕಿ ಕೈ ಸುಟ್ಟುಕೊಂಡವನು ನಾನು. ನನ್ನದೂ ಇದೇ ಎಂಜಿನ್, ಬ್ಯಾಡ್ಜ್ ಮಾತ್ರ ಬೇರೆ, ಅದೂ 75ರದ್ದೇ.

ಮೊದಲು ಆ 15 ಪಿಎಸ್ ಎಲ್ಲಿಂದ ಬರುತ್ತದೆ ನೋಡಿ. 90 ಪಿಎಸ್ ಕಾರುಗಳಲ್ಲಿ ಟರ್ಬೊನೇ (ಹೊಗೆಯ ರಭಸದಲ್ಲಿ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ನೂಕುವ ಭಾಗ) ಬೇರೆ. ಅದರಲ್ಲಿ ಟರ್ಬೈನ್ ಸುತ್ತ ಚಿಕ್ಕ ಚಿಕ್ಕ ರೆಕ್ಕೆಗಳಿರುತ್ತವೆ, ಆರ್‌ಪಿಎಂ ಕಡಿಮೆ ಇದ್ದಾಗ ಅವು ಸಂದು ಕಿರಿದು ಮಾಡಿ ಹೊಗೆಯನ್ನು ರಭಸವಾಗಿ ನುಗ್ಗಿಸುತ್ತವೆ, ಆರ್‌ಪಿಎಂ ಏರಿದ ಹಾಗೆ ತೆರೆದುಕೊಳ್ಳುತ್ತವೆ. ನಮ್ಮ 75ರ ಟರ್ಬೊ ಚಿಕ್ಕದು, ಅದರಲ್ಲಿ ಇದ್ಯಾವುದೂ ಇಲ್ಲ. ಎಂಥ ಸಾಫ್ಟ್‌ವೇರ್ ಹಾಕಿದರೂ ಇಲ್ಲದ ರೆಕ್ಕೆ ಹುಟ್ಟುವುದಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದೇ ಇಲ್ಲ. 75ರ ಟಾರ್ಕ್ (ತಿರುಗಿಸುವ ಬಲ) 190 ನ್ಯೂಟನ್ ಮೀಟರ್. 90ರಲ್ಲಿ ಸುಮಾರು 200, ಕೆಲವು ಕಾರುಗಳಲ್ಲಿ ಸ್ವಲ್ಪ ಮೇಲೆ. ಅಷ್ಟೇ! ಅಂದರೆ ಕಂಪನಿಯವರು ಟಾರ್ಕನ್ನು ಹೆಚ್ಚು ಮುಟ್ಟಲಿಲ್ಲ, ಮೇಲಿನ ಆರ್‌ಪಿಎಂನಲ್ಲೂ ಗಾಳಿ ಸಾಕಾಗುವ ಹಾಗೆ ಮಾಡಿ ಪವರ್ ತೆಗೆದರು. ರೀಮ್ಯಾಪ್ ಮಾಡುವವರು ಮಾಡುವುದು ಇದರ ಉಲ್ಟಾ. ಚಿಕ್ಕ ಟರ್ಬೊಗೆ ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದಲ್ಲ, ಅದಕ್ಕೆ 2000ದಿಂದ 3000 ಆರ್‌ಪಿಎಂ ಮಧ್ಯೆ ಡೀಸೆಲ್ ಸುರಿದು ಟಾರ್ಕ್ ಏರಿಸುತ್ತಾರೆ. ಓಡಿಸಿದರೆ ಬೆನ್ನು ಸೀಟಿಗೆ ಒತ್ತುತ್ತದೆ, ನಮಗೂ ಖುಷಿ.

ಆ ಖುಷಿ ನನಗೆ ನಾಲ್ಕೇ ತಿಂಗಳು. ಒಂದು ಏರಿನಲ್ಲಿ ನಾಲ್ಕನೇ ಗೇರ್‌ನಲ್ಲಿದ್ದೆ, ಹಿಂದೆ ಮೂವರು ಕೂತಿದ್ದರು. ಆಕ್ಸಿಲರೇಟರ್ ಒತ್ತಿದೆ, ಮುಳ್ಳು 2200ರಿಂದ ಸರ್ರನೆ 3000ಕ್ಕೆ ಹೋಯಿತು, ಕಾರು ಮಾತ್ರ ಇದ್ದ ವೇಗದಲ್ಲೇ ಇದೆ. ಆಮೇಲೆ ಆ ಸುಟ್ಟ ವಾಸನೆ. ಕ್ಲಚ್ ಜಾರುತ್ತಿತ್ತು. ಎಂಜಿನ್‌ಗೆ ಏನೂ ಆಗಿರಲಿಲ್ಲ, ಇವತ್ತಿಗೂ ಗಟ್ಟಿಯಾಗಿದೆ. ಮಾಡಿಕೊಟ್ಟವರನ್ನು ಕೇಳಿದರೆ, ಕ್ಲಚ್ ಮೊದಲೇ ಸವೆದಿತ್ತು ಅಂದರು. ಇರಬಹುದು, ಆದರೆ ಅದನ್ನು ಮೊದಲೇ ನೋಡಬೇಕಿತ್ತು ಅಲ್ವಾ.

ಉತ್ತರ 2:
ಮೇಲಿನವರ ಮಾತಿಗೆ ಇನ್ನೊಂದು ಉದಾಹರಣೆ. ರೆನೋದ 1.5 ಡೀಸೆಲ್, 1461 ಸಿಸಿಯದ್ದು. ನಿಸಾನ್, ಡಾಸಿಯಾ, ಮರ್ಸಿಡಿಸ್ ಎ-ಕ್ಲಾಸ್ ಎಲ್ಲದರಲ್ಲೂ ಓಡಿದೆ. ಡಸ್ಟರ್‌ನ 85 ಪಿಎಸ್ ಮತ್ತು 110 ಪಿಎಸ್ ಎರಡನ್ನೂ ಓಡಿಸಿದ್ದೇನೆ. 110ರಲ್ಲಿ ರೆಕ್ಕೆಯ ಟರ್ಬೊ, ಗೇರ್‌ಬಾಕ್ಸ್ ಕೂಡ ಬೇರೆ, ಐದರ ಬದಲು ಆರು ಗೇರ್. ಗೇರ್‌ಬಾಕ್ಸನ್ನೇ ಬದಲಾಯಿಸಿದ್ದಾರೆ ಅಂದರೆ ಸುಮ್ನೆ ಅಲ್ಲ.

ಉತ್ತರ 3:
ನಾನು ಪೆಟ್ರೋಲ್ ಕಡೆಯವನು. ನನ್ನದೊಂದು ಅಭ್ಯಾಸ ಇದೆ: ಯಾವುದೇ ಎಂಜಿನ್‌ನಿಂದ ಎಷ್ಟು ತೆಗೆಯಬಹುದು ಅಂತ ಯಾರಾದರೂ ಕೇಳಿದರೆ, ಅದೇ ಎಂಜಿನ್‌ಗೆ ಕಂಪನಿಯವರೇ ಪವರ್ ಏರಿಸಿದಾಗ ಏನೇನು ಬಿಚ್ಚಿ ಬದಲಾಯಿಸಿದರು ಅಂತ ಮೊದಲು ನೋಡುತ್ತೇನೆ. ಅವರಿಗಿಂತ ಚೆನ್ನಾಗಿ ಆ ಎಂಜಿನ್‌ನ ಒಳಗುಟ್ಟು ಯಾರಿಗೂ ಗೊತ್ತಿರುವುದಿಲ್ಲ.

ಬಿಎಂಡಬ್ಲ್ಯು ಮತ್ತು ಪ್ಯೂಜೊದವರು ಸೇರಿ ಮಾಡಿದ 1598 ಸಿಸಿ ಟರ್ಬೊ ತಗೊಳ್ಳಿ. ಹಳೆಯ ಮಿನಿ ಕೂಪರ್ ಎಸ್‌ನಲ್ಲೂ ಅದೇ, ಪ್ಯೂಜೊ ಆರ್‌ಸಿಝಡ್‌ನಲ್ಲೂ ಅದೇ. ಆರ್‌ಸಿಝಡ್‌ನಲ್ಲಿ 200 ಪಿಎಸ್ ಇತ್ತು. ಅದನ್ನೇ ಆರ್‌ಸಿಝಡ್ ಆರ್‌ನಲ್ಲಿ 270 ಮಾಡಿದಾಗ ಫೋರ್ಜ್ ಮಾಡಿದ (ಲೋಹವನ್ನು ಒತ್ತಿ ಗಟ್ಟಿ ಮಾಡಿದ) ಪಿಸ್ಟನ್ ಹಾಕಿದರು, ದೊಡ್ಡ ಟರ್ಬೊ ಹಾಕಿದರು. ಹಳೆಯ ಪಿಸ್ಟನ್ ಇಟ್ಟುಕೊಂಡೇ 270 ಬೇಕು ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು. ಈ ಎಂಜಿನ್‌ನ ಮೊದಮೊದಲಿನವುಗಳಲ್ಲಿ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಸರಪಳಿ) ಬಿಗಿ ಹಿಡಿಯುವ ಟೆನ್ಷನರ್ ದುರ್ಬಲ. ಕೋಲ್ಡ್ ಸ್ಟಾರ್ಟ್‌ನಲ್ಲಿ ಗಡಗಡ ಸದ್ದು ಬರುತ್ತಿದ್ದರೆ ರೀಮ್ಯಾಪ್ ವಿಷಯ ಎತ್ತಲೇಬೇಡಿ.

ಇದಕ್ಕೆ ಉಲ್ಟಾ ಉದಾಹರಣೆ ಟೊಯೊಟಾ ಸುಪ್ರಾದಲ್ಲಿರುವ ಬಿಎಂಡಬ್ಲ್ಯು ಬಿ58 ಎಂಜಿನ್. 2019ರಲ್ಲಿ ಬಂದಾಗ ಅಮೆರಿಕದಲ್ಲಿ 335 ಅಶ್ವಶಕ್ತಿ, 2021ರ ಮಾಡೆಲ್‌ನಲ್ಲಿ 382. ಆಗಲೂ ಪಿಸ್ಟನ್ ಬದಲಾಯಿಸಿ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) 11ರಿಂದ 10.2ಕ್ಕೆ ಇಳಿಸಿದರು, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಗೊಯ್ಯುವ ಕೊಳವೆ) ಕೂಡ ಹೊಸದು. ಆದರೂ ಹಳೆಯದನ್ನೇ ಬರೀ ಸಾಫ್ಟ್‌ವೇರ್‌ನಲ್ಲಿ 400 ದಾಟಿಸಿ ಆರಾಮವಾಗಿ ಓಡಿಸುವವರು ಬೇಕಾದಷ್ಟಿದ್ದಾರೆ. ಆ ಬ್ಲಾಕ್ ಅಷ್ಟು ಗಟ್ಟಿ. ಹಾಗಾಗಿ ರೀಮ್ಯಾಪ್ ಅಂದರೆ ಯಾವಾಗಲೂ ಅಪಾಯ ಅಂತ ನಾನು ಹೇಳುವುದಿಲ್ಲ, ಎಂಜಿನ್ ನೋಡಿ ಮಾತಾಡಬೇಕು.

ಹೆಸರು ನೋಡಿ ಮೋಸ ಹೋಗಬೇಡಿ ಅನ್ನುವುದಕ್ಕೆ ಇದೊಂದು: ಮೊದಲ ತಲೆಮಾರಿನ ಟೊಯೊಟಾ 86 ಮತ್ತು ಸುಬಾರು ಬಿಆರ್‌ಝಡ್‌ನಲ್ಲಿ ಟರ್ಬೊ ಇಲ್ಲದ ಎಫ್‌ಎ20 ಎಂಜಿನ್ ಇತ್ತು, ಆಗಿನ ಸುಬಾರು ಡಬ್ಲ್ಯುಆರ್‌ಎಕ್ಸ್ ಟರ್ಬೊದಲ್ಲೂ ಎಫ್‌ಎ20. ಒಂದರ ಕಂಪ್ರೆಷನ್ 12.5, ಇನ್ನೊಂದರದ್ದು 10.6. ಹೆಸರು ಒಂದೇ ಅಂತ ಮೊದಲನೆಯದಕ್ಕೆ ಟರ್ಬೊ ಕೂರಿಸಿ ಅದೇ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಕೊಟ್ಟರೆ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗಬಹುದು.

ಪ್ರಶ್ನೆ ಕೇಳಿದವನು:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ 90ರ ಟರ್ಬೊವನ್ನೇ ಹುಡುಕಿ ತಂದು ಹಾಕಿದರೆ? ಅದರ ಸಾಫ್ಟ್‌ವೇರ್ ಫೈಲೂ ಸಿಗುತ್ತದಂತೆ.

ಉತ್ತರ 1:
ಫೈಲ್ ಹಾಗೇ ತಂದು ತುಂಬಿಸಬೇಡಿ ಮಾರಾಯ್ರೆ. ಎಂಜಿನ್ ಹಂಚಿಕೊಂಡರೂ ಪ್ರತಿ ಕಂಪನಿಯೂ ಸೆನ್ಸರ್, ಗೇರ್ ಅನುಪಾತ, ಕಾರಿನ ತೂಕ ನೋಡಿ ತನ್ನದೇ ಲೆಕ್ಕ ಬರೆದಿರುತ್ತದೆ. ರೆಕ್ಕೆ ಆಡಿಸುವ ಸಿಗ್ನಲ್ ನಿಮ್ಮ ಈಸಿಯುನಿಂದ (ಎಂಜಿನ್ ಕಂಪ್ಯೂಟರ್) ಹೊರಡಬೇಕು, ಅದಕ್ಕೆ ವೈರಿಂಗ್ ಬೇಕು. ಟರ್ಬೊ ಜೊತೆ ಮ್ಯಾನಿಫೋಲ್ಡ್, ಆಯಿಲ್ ಪೈಪ್ ಎಲ್ಲ ಹಿಂದೆ ಬರುತ್ತವೆ. ಅಷ್ಟೆಲ್ಲ ಒದ್ದಾಡುವ ಬದಲು 90ರ ಕಾರನ್ನೇ ಹುಡುಕುವುದು ಸುಲಭ.

ಉತ್ತರ 4:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. 75ಕ್ಕೇ ಹದವಾದ ರೀಮ್ಯಾಪ್ ಮಾಡಿಸಿ ಎರಡು ವರ್ಷದಿಂದ ಓಡಿಸುತ್ತಿದ್ದೇನೆ, ತೊಂದರೆ ಇಲ್ಲ. ಕಪ್ಪು ಹೊಗೆ ಬರಬಾರದು, ಟಾರ್ಕ್ 90ರ ಕಾರಿನಷ್ಟಕ್ಕೇ ನಿಲ್ಲಬೇಕು ಅಂತ ಮೊದಲೇ ಹೇಳಿದ್ದೆ. ಆದರೆ ಅದಕ್ಕೂ ಮೊದಲು ಒಂದು ತಮಾಷೆ ಆಯಿತು. ಓಡಿಸುವಾಗ ಸೆನ್ಸರ್‌ಗಳ ದಾಖಲೆ, ಅಂದರೆ ಲಾಗ್ ತೆಗೆದಾಗ ಈಸಿಯು ಕೇಳಿದ ಬೂಸ್ಟ್ ಒಂದು, ಸಿಗುತ್ತಿದ್ದದ್ದು ಇನ್ನೊಂದು, ಕಡಿಮೆ. ಟರ್ಬೊದಿಂದ ಹೊರಡುವ ಪೈಪ್‌ಗೆ ಕಂಪ್ರೆಸರ್‌ನಿಂದ ಸ್ವಲ್ಪ ಗಾಳಿ ಕೊಟ್ಟು ಸೋಪಿನ ನೀರು ಸವರಿದೆವು. ಕ್ಲಾಂಪ್ ಹತ್ತಿರ ಗುಳ್ಳೆ ಬುಳುಬುಳು ಎದ್ದವು. ಕ್ಲಾಂಪ್ ಬದಲಾಯಿಸಿದ್ದಕ್ಕೇ ಕಾರು ಅರ್ಧ ಸರಿಹೋಯಿತು! ಎಷ್ಟೋ ವರ್ಷದಿಂದ 75 ಪಿಎಸ್ ಅಂದುಕೊಂಡಿದ್ದವನು ಅದಕ್ಕಿಂತ ಕಡಿಮೆಯಲ್ಲೇ ಓಡಿಸುತ್ತಿದ್ದೆ.

ನಿಮ್ಮ ಕಾರು ಎಷ್ಟು ಕಿಲೋಮೀಟರ್ ಓಡಿದೆ, ಕ್ಲಚ್ ಯಾವಾಗ ಹಾಕಿಸಿದ್ದು, ಆಯಿಲ್ ಎಷ್ಟಕ್ಕೊಮ್ಮೆ ಬದಲಾಯಿಸುತ್ತೀರಿ ಹೇಳಿ. ಈ ಎಂಜಿನ್‌ನಲ್ಲೂ ಟೈಮಿಂಗ್ ಚೈನೇ ಇರುವುದು, ಆಯಿಲ್ ಅಲಕ್ಷ್ಯ ಮಾಡಿದ್ದರೆ ಅದರ ಕೆಲಸ ಮೊದಲು. ಮೂರನೇ ಗೇರ್‌ನಲ್ಲಿ 1500ರಿಂದ 4000ದವರೆಗೆ ಪೂರ್ತಿ ಒತ್ತಿ ಒಂದು ಲಾಗ್ ತೆಗೆದು ಹಾಕಿ, ಖಾಲಿ ರಸ್ತೆಯಲ್ಲಿ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು. ನೋಡಿ ಹೇಳುತ್ತೇವೆ.