ನಾಯಿ ಅಡ್ಡ ಬಂತು: ತಂಗಿ ಹತ್ತು ನಿಮಿಷಕ್ಕೆ ಮರೆತಳು, ನನಗೆ ರಾತ್ರಿಯಿಡೀ ಅದೇ. ಮೆದುಳೇ ಬೇರೆನಾ?

ಮಳೆಹುಳ:
ಮೊನ್ನೆ ನಾನು, ತಂಗಿ ಸ್ಕೂಟರ್‌ನಲ್ಲಿ ಹೋಗುವಾಗ ನಾಯಿ ಅಡ್ಡ ಬಂತು. ಬ್ರೇಕ್ ಹಾಕಿದೆ, ಗಾಡಿ ಜಾರಿತು, ಪುಣ್ಯಕ್ಕೆ ಬೀಳಲಿಲ್ಲ. ಇಬ್ಬರೂ ಒಟ್ಟಿಗೇ ಕಿರುಚಿದೆವು. ಹತ್ತು ನಿಮಿಷಕ್ಕೆ ಅವಳು ಟೀ ಅಂಗಡಿಯಲ್ಲಿ ಬನ್ ತಿನ್ನುತ್ತಾ ನಗುತ್ತಿದ್ದಳು, ನನಗೆ ಮಾತ್ರ ಟೀ ಗ್ಲಾಸ್ ಹಿಡಿದ ಕೈ ಇನ್ನೂ ನಡುಗುತ್ತಿತ್ತು, ರಾತ್ರಿ ಮಲಗಿದರೂ ಅದೇ ನಾಯಿ ಕಣ್ಣ ಮುಂದೆ. ಆನ್‌ಲೈನ್‌ನಲ್ಲಿ 'ಬಿಗ್ ಫೈವ್' ಅನ್ನುವ ಸ್ವಭಾವದ ಟೆಸ್ಟ್ ಮಾಡಿದೆ, ನ್ಯೂರೋಟಿಸಿಸಂ (ಬೇಗ ಹೆದರುವ, ಚಿಂತೆ ಮಾಡುವ ಗುಣ) ಜಾಸ್ತಿ ಅಂತ ಬಂತು. ಇಂಥವರ ಮೆದುಳಿನ ಅಮಿಗ್ಡಲಾ ಸಿಕ್ಕಾಪಟ್ಟೆ ಚುರುಕು ಅಂತ ಒಂದು ವಿಡಿಯೋದಲ್ಲಿ ಹೇಳಿದರು. ನಿಜಾನಾ? ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತಾ?

ಕಾಫಿಪುಡಿ:
ಸ್ಕ್ಯಾನ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಸ್ಕ್ಯಾನ್ ನೋಡಿ ನಿಮ್ಮ ಸ್ವಭಾವ ಹೇಳುವಷ್ಟು ಯಾರೂ ಇನ್ನೂ ಮುಂದೆ ಹೋಗಿಲ್ಲ.
ಅಮಿಗ್ಡಲಾ ಅಂದರೆ ಮೆದುಳಿನ ಎರಡೂ ಕಡೆ ಒಳಗಿರುವ ಬಾದಾಮಿಯಂಥ ಚಿಕ್ಕ ಭಾಗ. ಗ್ರೀಕ್‌ನಲ್ಲಿ ಆ ಹೆಸರಿನ ಅರ್ಥವೇ ಬಾದಾಮಿ. ಅದಕ್ಕೆ ಬರೀ ಹೆದರುವುದೇ ಕೆಲಸ ಅಲ್ಲ. 2002ರಲ್ಲಿ ಸಂಶೋಧಕ ಟರ್ಹಾನ್ ಕ್ಯಾನ್ಲಿ ಮತ್ತು ತಂಡದವರು ಜನರನ್ನು ಎಫ್‌ಎಂಆರ್‌ಐ (ಮೆದುಳಿನ ಯಾವ ಭಾಗ ಚುರುಕಾಗಿದೆ ಅಂತ ತೋರಿಸುವ ಸ್ಕ್ಯಾನ್) ಒಳಗೆ ಮಲಗಿಸಿ ಮುಖಗಳ ಫೋಟೋ ತೋರಿಸಿದರು. ಹೆದರಿದ ಮುಖ ನೋಡಿದಾಗ ಸ್ವಭಾವ ಯಾವುದೇ ಇರಲಿ, ಅಮಿಗ್ಡಲಾ ಚುರುಕಾಗುತ್ತಿತ್ತು. ನಗುವ ಮುಖಕ್ಕೆ ಮಾತ್ರ ಜನರೊಡನೆ ಸಲೀಸಾಗಿ ಬೆರೆಯುವ ಬಹಿರ್ಮುಖಿಗಳಲ್ಲಿ ಜಾಸ್ತಿ. ಅಂದರೆ ನಿಮ್ಮ ತಂಗಿಗೆ ಭಯ ಕಮ್ಮಿ ಅಂತಲ್ಲ, ಬನ್ನಿನ ಖುಷಿ ಜಾಸ್ತಿ ಇರಬಹುದು :)

ಬೆಂಡೆಕಾಯಿ:
ಸ್ವಲ್ಪ ತಡೀರಿ. ಆ ಕಾಲದ ಅಧ್ಯಯನಗಳಲ್ಲಿ ಹದಿನೈದು ಇಪ್ಪತ್ತು ಜನ ಇದ್ದರೆ ಅದೇ ದೊಡ್ಡದು. 2022ರಲ್ಲಿ ವಿಜ್ಞಾನ ಪತ್ರಿಕೆ ನೇಚರ್‌ನಲ್ಲಿ ಬಂದ ಲೇಖನ ಸುಮಾರು 50,000 ಜನರ ಸ್ಕ್ಯಾನ್ ಜಾಲಾಡಿ, ಮೆದುಳಿಗೂ ನಡವಳಿಕೆಗೂ ಇರುವ ಇಂಥ ನಂಟು ತುಂಬಾ ಸಣ್ಣದು, ನಂಬಬೇಕಾದರೆ ಸಾವಿರಾರು ಜನ ಬೇಕು ಅಂದಿತು. ಸ್ಕ್ಯಾನ್ ಅಂಕಿಗಳ ಲೆಕ್ಕ ಸರಿಯಾಗಿ ಹಾಕದಿದ್ದರೆ ಸತ್ತ ಸಾಲ್ಮನ್ ಮೀನಿನ ಮೆದುಳೂ ಫೋಟೋ ನೋಡಿ 'ಯೋಚಿಸುತ್ತದೆ'. ತಮಾಷೆ ಅಲ್ಲ, ನಿಜವಾಗಿಯೂ ಒಂದು ತಂಡದವರು ಮಾಡಿ ತೋರಿಸಿ 2012ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್‌ ನೊಬೆಲ್ ತಗೊಂಡರು. ನ್ಯೂರೋಟಿಸಿಸಂ ಇದ್ದವರಿಗೆ ಅಮಿಗ್ಡಲಾ ಚುರುಕು ಅನ್ನುವ ಮಾತೂ ಹಾಗೇ, 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ನಿಲ್ಲಲಿಲ್ಲ.

ತೆಂಗಿನಗರಿ:
ಬೆಂಡೆಕಾಯಿ ಅವರ ಮಾತು ಸರಿ. ಆದರೆ ಮಳೆಹುಳ ಅವರೇ, ನೀವೇ ಬರೆದಿದ್ದೀರಲ್ಲ, ಇಬ್ಬರೂ ಒಟ್ಟಿಗೇ ಕಿರುಚಿದಿರಿ ಅಂತ. ಬೆಚ್ಚಿಬಿದ್ದದ್ದು ಇಬ್ಬರೂ. ಆ ಭಯ ಇಳಿಯುವುದಕ್ಕೆ ಮಾತ್ರ ನಿಮಗೆ ಹೊತ್ತು ಹಿಡಿಯಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೆದುಳಿನ ಸಂಶೋಧಕ ರಿಚರ್ಡ್ ಡೇವಿಡ್ಸನ್ ಅವರ ತಂಡ ನೋಡಿದ್ದೂ ಇದನ್ನೇ. ಕೆಟ್ಟ ಚಿತ್ರ ಪರದೆಯಿಂದ ಹೋದ ಮೇಲೆ ಅಮಿಗ್ಡಲಾ ತಣ್ಣಗಾಗುವುದು ಯಾರಲ್ಲಿ ನಿಧಾನವೋ ಅವರಲ್ಲಿ ನ್ಯೂರೋಟಿಸಿಸಂ ಜಾಸ್ತಿ ಕಂಡಿತು. ಹಾಲು ಉಕ್ಕುವುದು ಎಲ್ಲರ ಮನೆಯಲ್ಲೂ, ಒಲೆ ಆರಿಸಿದರೂ ದಪ್ಪ ಪಾತ್ರೆ ಬಿಸಿಯಾಗೇ ಇರುತ್ತದಲ್ಲ, ಹಾಗೆ. ಇದೂ ಚಿಕ್ಕ ಅಧ್ಯಯನವೇ, ಬೆಂಡೆಕಾಯಿ ಅವರು ಬೈಯುವ ಮೊದಲೇ ಹೇಳಿಬಿಡುತ್ತೇನೆ.

ಬೆಂಡೆಕಾಯಿ:
ಬೈಯಲ್ಲ. ಪಾತ್ರೆ ಹೋಲಿಕೆ ಚೆನ್ನಾಗಿದೆ.

ಮಳೆಹುಳ:
ಒಂದೇ ಅಪ್ಪ ಅಮ್ಮನ ಮಕ್ಕಳು, ಪಾತ್ರೆ ಬೇರೆ ಹೇಗೆ?

ಕಾಫಿಪುಡಿ:
ಅವಳಿಗಳ ಅಧ್ಯಯನದ ಪ್ರಕಾರ ಇಂಥ ಗುಣಗಳಲ್ಲಿ ಜನರ ನಡುವಿನ ವ್ಯತ್ಯಾಸದ ಹೆಚ್ಚುಕಮ್ಮಿ ಅರ್ಧದಷ್ಟು ವಂಶವಾಹಿಗಳಿಂದ. ಅಕ್ಕ ತಂಗಿಗೆ ಅದೂ ಪೂರ್ತಿ ಒಂದೇ ಸಿಗಲ್ಲ.

ಮಳೆಹುಳ:
ಇವತ್ತು ಅದೇ ರಸ್ತೆಯಲ್ಲಿ ಹೋದೆ. ಆ ನಾಯಿ ಟೀ ಅಂಗಡಿ ಮುಂದೆ ಕಾಲು ಚಾಚಿ ಗೊರಕೆ ಹೊಡೆಯುತ್ತಿತ್ತು. ಅದರದ್ದು ಯಾವ ಪಾತ್ರೆಯೋ!