ಪದಚರ್ಚೆ: ಸ್ಟುಡಿಯೋದಲ್ಲಿ ಆಡುತ್ತಿದ್ದ ಹಾಗೇ ಟೀವಿಯಲ್ಲಿ ಬಂದ ನಾಟಕಕ್ಕೆ ಏನನ್ನೋಣ?

ಪ್ರಶ್ನೆ:
ನಮ್ಮ ಫಿಲ್ಮ್ ಕ್ಲಬ್ಬಿನಲ್ಲಿ ಅಮೆರಿಕದ ನಿರ್ದೇಶಕ ಫ್ರಾಂಕ್ಲಿನ್ ಶಾಫ್ನರ್ ಅವರ ಸಿನಿಮಾ ತೋರಿಸುತ್ತಿದ್ದೇವೆ. ಬೋರ್ಡು ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. 1968ರ ‘ಪ್ಲಾನೆಟ್ ಆಫ್ ದಿ ಏಪ್ಸ್’, 1970ರ ‘ಪ್ಯಾಟನ್’, ಅದಕ್ಕೆ ಬಂದ ಆಸ್ಕರ್, ಎಲ್ಲ ಬರೆದಾಯ್ತು. ತೊಡಕಾಗಿರೋದು ಅದಕ್ಕೂ ಮುಂಚಿನ ಟೀವಿ ದಿನಗಳದ್ದು. 1954ರಲ್ಲಿ ಅಲ್ಲಿನ ಸಿಬಿಎಸ್ ಟೀವಿಯ ‘ಸ್ಟುಡಿಯೋ ಒನ್’ ನಾಟಕ ಸರಣಿಗೆ ‘ಟ್ವೆಲ್ವ್ ಆಂಗ್ರಿ ಮೆನ್’ ಮಾಡಿದವರು ಇವರೇ. ಅದೇ ಕಥೆಯ ಸಿಡ್ನಿ ಲ್ಯೂಮೆಟ್ ಸಿನಿಮಾ ಬಂದದ್ದು ಆಮೇಲೆ, 1957ರಲ್ಲಿ. ನಟರು ಸ್ಟುಡಿಯೋದಲ್ಲಿ ಆಡುತ್ತಿದ್ದ ಹಾಗೇ ಮನೆಗಳಲ್ಲಿ ಕಾಣುತ್ತಿತ್ತು. ಮಾತು ತಪ್ಪಿದರೆ ಇನ್ನೊಂದು ಟೇಕ್ ಇಲ್ಲ. ಯಾವ ಕ್ಯಾಮೆರಾದ ಚಿತ್ರ ಹೋಗಬೇಕು ಅಂತ ನಿರ್ದೇಶಕರು ಕಂಟ್ರೋಲ್ ರೂಮಿನಲ್ಲಿ ಕೂತು ಆ ಕ್ಷಣಕ್ಕೇ ಹೇಳಬೇಕು. ‘ನೇರಪ್ರಸಾರದ ನಾಟಕ’ ಅಂದರೆ ರಂಗಮಂದಿರದ ನಾಟಕವನ್ನು ಟೀವಿಯವರು ತೋರಿಸಿದ ಹಾಗೆ ಕೇಳುತ್ತೆ, ಅಲ್ವಾ?

ಉತ್ತರ 1:
‘ನೇರಪ್ರಸಾರ’ ಬೇಡವೇ ಬೇಡ. ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ ಅರಿಸಮಾಸ. ‘ಟೀವಿ’ಯೂ ಬೇಡ, ‘ಕಿರುತೆರೆ’ ಇದೆ. ‘ಕಿರುತೆರೆಯಾಟ’ ಅನ್ನಿ, ಮುಗೀತು.

ಉತ್ತರ 2:
‘ನೇರ’ ಇಲ್ಲಿ ಗುಣವಾಚಕ. ಗುಣವಾಚಕ ಮೊದಲು ಬಂದರೆ ಅದು ಗಮಕಸಮಾಸ, ಅರಿಸಮಾಸದ ದೋಷ ಇದಕ್ಕೆ ತಟ್ಟೋದಿಲ್ಲ. ‘ಶಬ್ದಮಣಿದರ್ಪಣ’ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ವಿನಾಯಿತಿ ಕೊಟ್ಟಿದ್ದಾನೆ. ಕೇಶಿರಾಜನಿಗಿಂತ ಜಾಸ್ತಿ ಬಿಗಿ ನಮಗ್ಯಾಕೆ? ಅಲ್ಲದೆ ‘ಕಿರುತೆರೆಯಾಟ’ದಲ್ಲಿ ಕೇಳಿದ ಅರ್ಥವೇ ಇಲ್ಲ. ಈಗಿನ ಧಾರಾವಾಹಿಗೂ ಅದನ್ನೇ ಅನ್ನಬಹುದು.

ಉತ್ತರ 1:
ಹೀಗೆ ಬಿಟ್ಟುಕೊಡ್ತಾ ಹೋಗಿಯೇ ‘ಬಾನುಲಿ’ ಮೂಲೆ ಸೇರಿತು, ‘ರೇಡಿಯೋ’ ಉಳೀತು.

ಉತ್ತರ 3:
‘ರೇಡಿಯೋ’ ಬಂದಿದ್ದಕ್ಕೆ ಕನ್ನಡ ಬಡವಾಗಲಿಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಶುರುಮಾಡಿದ ರೇಡಿಯೋ ಕೇಂದ್ರದ ಹೆಸರು ‘ಆಕಾಶವಾಣಿ’. ಅದೂ ಅಚ್ಚಗನ್ನಡ ಅಲ್ಲ, ಆದರೂ ಅದು ನಮ್ಮದೇ. ‘ರೇಡಿಯೋ ನಾಟಕ’ ಅಂದಾಗ ಯಾರಿಗೂ ರಂಗಮಂದಿರ ನೆನಪಾಗೋದಿಲ್ಲ. ಹಾಗೇ ‘ಟೀವಿ ನಾಟಕ’. ಬೋರ್ಡಿಗೆ ಹೀಗೆ ಬರೀರಿ: ‘ಸ್ಟುಡಿಯೋದಿಂದಲೇ ನೇರ ಪ್ರಸಾರವಾದ ಟೀವಿ ನಾಟಕ’. ಜಾಗ ಇದ್ದರೆ ಇನ್ನೊಂದು ಸಾಲು ಸೇರಿಸಿ. ಆಗ ಟೀವಿಯ ಪರದೆಯನ್ನೇ ಫಿಲ್ಮ್ ಕ್ಯಾಮೆರಾದಲ್ಲಿ ಹಿಡಿದು ಇಡುತ್ತಿದ್ದರು, ಅದಕ್ಕೆ ಕಿನೆಸ್ಕೋಪ್ ಅಂತ ಹೆಸರು. ಈ ನಾಟಕದ ಪೂರ್ತಿ ಪ್ರತಿ ಸಿಕ್ಕಿದ್ದು 2003ರಲ್ಲಿ.

ಉತ್ತರ 1:
ಅದು ಪದವಲ್ಲ, ವಿವರಣೆ.

ಪ್ರಶ್ನೆ ಕೇಳಿದವರು:
ಬೋರ್ಡು ಓದೋರಿಗೆ ಬೇಕಿರೋದು ವಿವರಣೆಯೇ. ಇದನ್ನೇ ಪ್ರಿಂಟಿಗೆ ಕಳಿಸಿದೆ, ಕಿನೆಸ್ಕೋಪಿನ ಸಾಲೂ ಸೇರಿಸಿ.